ಹೊದಿಕೆ ಬೆಳೆ ಯಾವಾಗ, ತೆನೆ ಮುರಿಯೋದು ಯಾವಾಗ: ತಾಳವಾಡಿ ಮುಸುಕಿನ ಜೋಳದ ಕಾಳು

ಫೋಕಸ್ ಸಿಗಲಿ, ಒಂದು ನಿಮಿಷ. ಹಾಂ, ಈಗ ಕಾಣ್ತಿದೆ. ತೆನೆಯ ನಡುಭಾಗದಿಂದ ಬಿಡಿಸಿದ ಕಾಳು ಇದು. ಬೆಂಡಿಗೆ ಕಚ್ಚಿಕೊಂಡಿದ್ದ ಚೂಪು ತುದಿಯನ್ನ ಉಗುರಿಂದ ಕೆರೆದ್ರೆ ಒಳಗೆ ಕಪ್ಪು ಪದರ ಸಿಗುತ್ತೆ, ನೋಡಿ. ಅದು ಬಂತು ಅಂದ್ರೆ ಗಿಡದಿಂದ ಕಾಳಿಗೆ ಹೋಗೋ ಊಟ ನಿಂತಿತು. ಇನ್ನು ಹದಿನೈದು ದಿನ ಹೊಲದಲ್ಲಿ ಬಿಟ್ರೂ ತೂಕ ಏರಲ್ಲ. ಒಣಗುತ್ತೆ ಅಷ್ಟೇ, ಮಳೆ ಹಿಡಿದ್ರೆ ಅದೂ ಇಲ್ಲ. ಈಗ ಕಾಳಲ್ಲಿ ನೂರಕ್ಕೆ 30ರಿಂದ 35 ಭಾಗ ನೀರೇ ಇರುತ್ತೆ.

ಹಿಂದೆ ಕಾಣೋದು ತಾಳವಾಡಿ ಬಯಲು. ಸರ್ಕಾರಿ ಲೆಕ್ಕದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆ, ಮಳೆ ಲೆಕ್ಕದಲ್ಲಿ ಚಾಮರಾಜನಗರ. ಮೇನಲ್ಲಿ ಒಂದು ಜೋರು, ಜುಲೈಲಿ ಬರೀ ಗಾಳಿ, ಸೆಪ್ಟೆಂಬರ್ ಅಕ್ಟೋಬರ್‌ಗೆ ಮತ್ತೆ ಜೋರು. ಹೊದಿಕೆ ಬೆಳೆ, ಅಂದ್ರೆ ಮಣ್ಣು ಮುಚ್ಚಿ ಪೋಷಿಸೋಕೆ ಹಾಕೋ ಸೆಣಬು, ಅಲಸಂದೆ ಥರದ ಬೆಳೆ, ಜೋಳಕ್ಕೆ ಒಳ್ಳೇದಾ ಕೆಟ್ಟದ್ದಾ ಅನ್ನೋದನ್ನ ಈ ಮಳೆ ಜೊತೆ ಸೇರಿಸಿಯೇ ನೋಡಬೇಕು.

ಲೆಕ್ಕ ಹಾಕಿ. ಮೇ ಮಳೆಗೆ ಹಸಿರು ಗೊಬ್ಬರದ ಅಪ್ಸೆಣಬು ಎರಚಿದ್ರಿ, ಎಕರೆಗೆ 12ರಿಂದ 15 ಕೆ.ಜಿ. ಹೂ ಕಾಣೋ ಹೊತ್ತಿಗೆ, ಅಂದ್ರೆ 45 ದಿನಕ್ಕೆ ಮಣ್ಣಿಗೆ ಸೇರಿಸಬೇಕು. ಸೇರಿಸಿದ ಮೇಲೆ 10ರಿಂದ 15 ದಿನ ಕಾಯಲೇಬೇಕು. ಹಸಿ ಸೊಪ್ಪು ಕೊಳೀತಿರೋ ಮಣ್ಣಿಗೆ ಬೀಜ ಬಿದ್ರೆ ಮೊಳಕೆಯೂ ಜೊತೆಗೇ ಕೊಳೆಯುತ್ತೆ. ಅಲ್ಲಿಗೆ ಎರಡು ತಿಂಗಳು ಹೋಯ್ತು. ಜುಲೈ ಮೊದಲ ವಾರ ಜೋಳ ಬಿತ್ತಿದ್ರೆ 110 ದಿನದ ತಳಿ ಬರೋದು ಅಕ್ಟೋಬರ್ ಕೊನೆಗೆ, ಹಿಂಗಾರಿನ ನಟ್ಟನಡುವೆ. ಮಣ್ಣು ಸುಧಾರಿಸಿತು, ಕಾಳು ಹೋಯ್ತು. ಅದಕ್ಕೇ ಹೇಳ್ತೀನಿ, ಜೋಳಕ್ಕೆ ಮುಂಚೆ ಸೆಣಬು ಬೇಡ.

ಈ ಸಾಲು ನೋಡಿ, ಇದು ಮೇ ಮಧ್ಯದ ಬಿತ್ತನೆ. 60 ಸೆಂಟಿಮೀಟರ್ ಅಂತರದ ಎರಡು ಜೋಳದ ಸಾಲಿನ ಮಧ್ಯೆ ಒಂದು ಸಾಲು ಅಲಸಂದೆ, ಎಕರೆಗೆ 4ರಿಂದ 5 ಕೆ.ಜಿ. ಬೀಜ. ಜೋಳ ಸೂಲಂಗಿ, ಅಂದ್ರೆ ತುದಿಯ ಗಂಡು ಹೂ, ಹಾಕೋಕೆ ಮುಂಚೆ, 40ರಿಂದ 45 ದಿನಕ್ಕೆ ಅಲಸಂದೆಯನ್ನ ಬುಡಕ್ಕೆ ಕೊಯ್ದು ಸಾಲಿನ ಮಧ್ಯೆಯೇ ಹರಡಿದ್ದಾರೆ. ಬೇರು ಮಣ್ಣಲ್ಲೇ ಇದೆ. ಕೊಯ್ಯದೆ ಬಿಟ್ರೆ ಅಲಸಂದೆಯೂ ನೀರು ಕುಡಿಯುತ್ತೆ, ಜೋಳಕ್ಕೆ ಕೊರತೆ. ಹರಡಿದ ಸೊಪ್ಪಿಗೆ ಕೆಲಸ ಬರೋದು ಜುಲೈ ಗಾಳಿಗೆ. ತೆನೆಗೆ ಜುಟ್ಟು ಬಂದು ಕಾಳು ಕಟ್ಟೋ ಹೊತ್ತಲ್ಲಿ ಬೇರು ಒಣಗಿತು, ಜೊತೆಗೆ ಬಿಸಿಲು ಏರಿತು ಅಂದ್ರೆ ಆಸ್ಪರ್ಜಿಲಸ್ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. ಸಾರಜನಕ ಸಾಲದ ಗಿಡಕ್ಕೂ ಅದೇ ಗತಿ. ಸೊಪ್ಪು ತೇವ ಹಿಡಿಯುತ್ತೆ, ಗಿಡ ಬಾಡಲ್ಲ. ಈ ಹೊಲದ ತೆನೆ ಆಗಸ್ಟ್ ಕೊನೆಗೆ, ದೊಡ್ಡ ಮಳೆಗೆ ಮುಂಚೆ ಕೈಗೆ ಬರುತ್ತೆ.

ಅವರೆ ಬಳ್ಳಿ ಮಾತ್ರ ಜೋಳಕ್ಕೆ ಹಬ್ಬಿಸಬೇಡಿ. ತೆನೆ ಸುತ್ತ ಎಲೆ ಕಟ್ಟಿಕೊಂಡು ಮಧ್ಯಾಹ್ನ ಆದ್ರೂ ಇಬ್ಬನಿ ಆರಲ್ಲ.

ಸೆಣಬು ಬೇಡ ಅಂದೆನಲ್ಲ, ಅದನ್ನ ತಿದ್ದಬೇಕು. ನೀರಾವರಿ ಇದ್ದು, ಜೋಳವನ್ನ ಆಗಸ್ಟ್ ಮಧ್ಯಕ್ಕೇ ಬಿತ್ತೋರು ಧಾರಾಳವಾಗಿ ಹಾಕಿ. ಆ ತೆನೆ ಡಿಸೆಂಬರ್ ಬಿಸಿಲಿಗೆ ಒಣಗುತ್ತೆ. ಆದ್ರೆ 50 ದಿನ ದಾಟೋಕೆ ಬಿಡಬೇಡಿ. ಕಾಂಡ ನಾರಾಗುತ್ತೆ, ನಾರು ಕೊಳೆಸೋಕೆ ಮಣ್ಣಿನ ಸಾರಜನಕವೇ ಖರ್ಚಾಗಿ ಎಳೇ ಜೋಳ ಹಳದಿ ತಿರುಗುತ್ತೆ. ಮೇನಲ್ಲೂ ಅಲ್ಲದ, ಆಗಸ್ಟಲ್ಲೂ ಅಲ್ಲದ ನಡುವಿನ ಜುಲೈ ಬಿತ್ತನೆಯೇ ಅಪಾಯ.

ಈಗ ಬೇರ್ಪಡಿಸಿಟ್ಟ ಕೆಟ್ಟ ತೆನೆ. ಹಳದಿ ಹಸಿರು ಪುಡಿ ಆಸ್ಪರ್ಜಿಲಸ್, ಅಫ್ಲಾಟಾಕ್ಸಿನ್ ವಿಷ ಬರೋದು ಅದರಿಂದ. ಚದುರಿದ ಕಾಳಿನ ಮೇಲೆ ಬಿಳಿ ಗುಲಾಬಿ ಹತ್ತಿ ಥರ ಇರೋದು, ಕಾಳಿನ ನೆತ್ತಿಯಿಂದ ಬಿಳಿ ಗೆರೆ ನಕ್ಷತ್ರದ ಹಾಗೆ ಹರಡಿರೋದು ಫ್ಯುಸೇರಿಯಂ ಅನ್ನೋ ಇನ್ನೊಂದು ಬೂಷ್ಟು. ಹುಳ ಕೊರೆದ ದಾರಿಯಲ್ಲೇ ಅದು ಕೂತಿದೆ, ಗಮನಿಸಿ. 2018ರಲ್ಲಿ ಸೈನಿಕ ಹುಳು ಕಾಲಿಟ್ಟ ಮೇಲೆ ತೆನೆ ತುದಿ ಬಿಚ್ಚಿ ನೋಡದೆ ಒಕ್ಕೋದು ತಪ್ಪು. ಆರಿಸೋದು ತೆನೆಯಲ್ಲೇ ಆಗಬೇಕು, ಕಾಳಾಗಿ ಬೆರೆತ ಮೇಲೆ ಬೇರ್ಪಡಿಸೋಕೆ ಆಗಲ್ಲ. ಬೇಯಿಸಿದ್ರೂ ಈ ವಿಷ ಪೂರ್ತಿ ಹೋಗಲ್ಲ. ನಮ್ಮ ದೇಶದ ಆಹಾರ ನಿಯಮದಲ್ಲಿ ಒಂದು ಕಿಲೋ ಧಾನ್ಯಕ್ಕೆ ಅಫ್ಲಾಟಾಕ್ಸಿನ್ ಮಿತಿ 15 ಮೈಕ್ರೋಗ್ರಾಂ. ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಹದಿನೈದು ಪಾಲು. ದನಕ್ಕೂ ಹಾಕಬೇಡಿ, ಹಾಲಿಗೆ ಇಳಿಯುತ್ತೆ.

ಆನೆ ಹಂದಿ ಕಾಟಕ್ಕೆ ಹಸಿ ತೆನೆಯನ್ನೇ ಮುರಿಯೋ ಮನೆಗಳು ಇಲ್ಲಿ ಬಹಳ. ಕಾಡಂಚಲ್ಲಿ ರಾತ್ರಿ ಕಾವಲು ಕೂತು ಬೆಳಿಗ್ಗೆ ಕೆಲಸ ಮಾಡೋರಿಗೆ ಇನ್ನೊಂದು ವಾರ ಕಾಯಿರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಕಪ್ಪು ಪದರ ಬಂದಿದ್ರೆ ಮುರೀರಿ. ಸಿಪ್ಪೆ ಸುಲಿದು, ರಾಶಿ ಹಾಕದೆ, ತೆಳ್ಳಗೆ ಗಾಳಿಗೆ ಹರಡಿ. ಪದರ ಬಾರದ ಕಾಳು ಸುಕ್ಕಾಗುತ್ತೆ, ತೂಕವೂ ಇರಲ್ಲ. ಸರಿ, ಕಣಕ್ಕೆ ಹೋಗೋಣ, ಮೋಡ ಬರ್ತಿದೆ.

ಕಾಳು ಬಿಡಿಸೋ ಮಿಷನ್‌ಗೆ ಹಾಕೋಕೆ 18ರಿಂದ 20 ಪರ್ಸೆಂಟ್ ತೇವ ಹದ. 25ರ ಮೇಲಿದ್ರೆ ಕಾಳು ಜಜ್ಜಿ ಹೋಗುತ್ತೆ, ಒಡೆದ ಕಾಳಿಗೇ ಬೂಷ್ಟು ಮೊದಲು ಹಿಡಿಯೋದು. ಕಾಳನ್ನ ಬರೀ ಮಣ್ಣಿಗೆ ಸುರೀಬೇಡಿ, ಟಾರ್ಪಾಲ್ ಮೇಲೆ ಎರಡು ಇಂಚು ದಪ್ಪ, ಗಂಟೆಗೊಮ್ಮೆ ಕೈಯಾಡಿಸಿ.

ನನಗೆ ಸಿಟ್ಟು ಬರೋದು ಮುಂದಿನ ಶಾಟಲ್ಲಿ. ತೂಕದ ಜಾಗ, ತೇವದ ಮೀಟರ್. 20 ಪರ್ಸೆಂಟ್ ಅಂತ ತೋರಿಸ್ತು. ಖರೀದಿಯ ಅಳತೆ 14. ಅದರ ಮೇಲಿನ ಪ್ರತಿ ಪಾಯಿಂಟಿಗೆ, ಅಂದ್ರೆ ಪ್ರತಿ ಪರ್ಸೆಂಟಿಗೆ, ಕ್ವಿಂಟಾಲ್‌ಗೆ ಎರಡು ಕೆ.ಜಿ. ಕಳೀತೀವಿ ಅಂತ ಖರೀದಿದಾರರು ಅಂದ್ರೆ ತಲೆ ಆಡಿಸಬೇಡಿ, ಲೆಕ್ಕ ಕೇಳಿ. ಕ್ವಿಂಟಾಲ್‌ನಲ್ಲಿ 20 ಕೆ.ಜಿ. ನೀರು, 80 ಕೆ.ಜಿ. ಒಣ ಪದಾರ್ಥ. ಅದನ್ನ 14ಕ್ಕೆ ಒಣಗಿಸಿದ್ರೆ 80ನ್ನ 0.86ರಿಂದ ಭಾಗಿಸಿ, 93 ಕೆ.ಜಿ. ಉಳಿಯುತ್ತೆ. ನಿಜವಾಗಿ ಹೋಗೋದು 7 ಕೆ.ಜಿ., ಪಾಯಿಂಟಿಗೆ 1.16. ಅವರು ಕಳೆಯೋದು 12. 2025-26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400 ರೂಪಾಯಿ ಹಿಡಿದ್ರೆ ಹೆಚ್ಚುವರಿ 5 ಕೆ.ಜಿ.ಗೆ 120 ರೂಪಾಯಿ. 50 ಕ್ವಿಂಟಾಲ್‌ಗೆ 6,000! ಒಣಗಿಸೋ ಕೂಲಿ ಬೇಕು ಅಂದ್ರೆ ಕೂಲಿ ಅಂತಲೇ ಕೇಳಲಿ, ತೂಕದಲ್ಲಿ ಬಚ್ಚಿಡೋದು ಅನ್ಯಾಯ. ಇನ್ನೊಂದು ವಿಷಯ, ಬಿಸಿಲಿಂದ ಎತ್ತಿದ ಬಿಸಿ ಕಾಳಿಗೆ ಮೀಟರ್ ಸರಿಯಾಗಿ ಹೇಳಲ್ಲ. ಆರಿಸಿ, ಮೂಟೆ ಮಧ್ಯದಿಂದ ತೆಗೆಸಿ, ಮೂರು ಸಲ ಅಳೆಸಿ.

ಲೋಡ್ ಮಾಡೋ ಹೊತ್ತೂ ಮುಖ್ಯ. ಸತ್ಯಮಂಗಲಕ್ಕೆ ಇಳಿಯೋ ದಿಂಬಂ ಘಾಟಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಸಂಜೆಯೊಳಗೆ ಘಾಟು ಸೇರದ ಲಾರಿ ಬೆಳಗಿನವರೆಗೂ ಟಾರ್ಪಾಲ್ ಮುಚ್ಚಿಕೊಂಡು ನಿಲ್ಲುತ್ತೆ. ಒಳಗೆ ಹಸಿ ಕಾಳಿದ್ರೆ ಬೆವರಿ ಬಿಸಿಯಾಗುತ್ತೆ. ಬೆಳಿಗ್ಗೆಯೇ ಕಳಿಸಿ.

ಮೀಟರ್ ಇಲ್ಲದವರಿಗೆ ಉಪ್ಪಿನ ಬಾಟ್ಲಿ. ಒಣಗಿದ ಗಾಜಿನ ಬಾಟ್ಲಿಯ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಹುರಿದಾರಿಸಿದ ಪುಡಿ ಉಪ್ಪು. ಮುಚ್ಚಳ ಬಿಗಿಯಾಗಿ ಹಾಕಿ ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಇಡಿ. ಗಾಜಿಗೆ ಉಪ್ಪು ಮೆತ್ತಿದ್ರೆ ತೇವ 15ರ ಮೇಲಿದೆ. ಇದರಲ್ಲಿ ಗಾಜು ಸ್ವಚ್ಛ, ಉಪ್ಪೆಲ್ಲ ಉದುರಾಗಿ ತಳದಲ್ಲಿದೆ. ಮಾರೋಕೆ ಹತ್ತಿರ ಬಂದಿದೆ. ಆರು ತಿಂಗಳು ಇಡೋದಕ್ಕೆ 13ರ ಒಳಗೆ ಬೇಕು, ಇನ್ನೂ ಎರಡು ಬಿಸಿಲು ಕಾಯಿಸಿಯೇ ಮೂಟೆ ಕಟ್ಟೋದು. ಅಕ್ಕ, ಆ ಮೂಲೆ ಟಾರ್ಪಾಲ್ ಮಡಚಿ, ಹನಿ ಬಿತ್ತು.