ಮೊದಲನೇ ಡ್ರೈಸೂಟ್: ಬ್ರ್ಯಾಂಡ್ ಆಮೇಲೆ, ಅಳತೆ ಮೊದ್ಲು

ಎಲ್ರಿಗೂ ನಮಸ್ಕಾರ, ಮೈಸೂರಿಂದ ಮಾತಾಡ್ತಿದೀನಿ, ಕುವೆಂಪುನಗರದ ನಮ್ಮನೆ ಮಹಡಿ ರೂಮಲ್ಲಿ ಕೂತಿದೀನಿ, ಪಕ್ಕದ್ಮನೆ ಕುಕ್ಕರ್ ಸೌಂಡ್ ಬಂದ್ರೆ ಸ್ವಲ್ಪ ಸಹಿಸ್ಕೊಳಿ. ಮಂಡ್ಯದ ಹುಡುಗಿ ಒಬ್ಳು ಮೆಸೇಜ್ ಕಳ್ಸಿದಾಳೆ. ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಅನ್ನೋ ಸ್ಕೂಬಾ ಡೈವಿಂಗಿನ ಮೊದಲ ಹಂತದ ಕೋರ್ಸ್ ಮುಗ್ಸಿದಾಳಂತೆ, ಸೆಪ್ಟೆಂಬರಲ್ಲಿ ಓದಕ್ಕೆ ಅಂತ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗ್ತಿದಾಳೆ, ಅಲ್ಲೂ ಡೈವಿಂಗ್ ಬಿಡಬಾರ್ದು ಅಂತ ಆಸೆ. "ಅಕ್ಕ, ಮೊದಲನೇ ಡ್ರೈಸೂಟ್ ಯಾವ ಬ್ರ್ಯಾಂಡ್ ತಗೊಳ್ಲಿ" ಅಂತ ಕೇಳಿದಾಳೆ. ಡ್ರೈಸೂಟ್ ಅಂದ್ರೆ ತಣ್ಣೀರಲ್ಲಿ ಮೈ ಒದ್ದೆ ಆಗ್ದೇ ಇರ್ಲಿ ಅಂತ ಹಾಕ್ಕೊಳೋ ಡೈವಿಂಗ್ ಸೂಟು.

ನೋಡಮ್ಮ, ಬ್ರ್ಯಾಂಡ್ ವಿಷ್ಯ ಕೊನೇಲಿ ನೋಡಣ. ಮೊದ್ಲು ನಿನ್ನ ಮಣಿಕಟ್ಟಿನ ಅಳತೆ ಹೇಳು, ಕತ್ತಿನ ಅಳತೆ ಹೇಳು. ಯಾಕೆ ಹೀಗೆ ಹೇಳ್ತಿದೀನಿ ಅಂದ್ರೆ ನಾನು ಇದನ್ನ ತಪ್ಪು ಮಾಡಿ ಕಲ್ತಿರೋದು.

ನೇತ್ರಾಣಿಲಿ ನೀರು 27, 28 ಡಿಗ್ರಿ ಇರತ್ತೆ, ಟೀ ಶರ್ಟ್ ಹಾಕ್ಕೊಂಡು ಇಳಿಯೋರೂ ಇದಾರೆ. ಸ್ಕಾಟ್ಲೆಂಡ್ ಕಡೆ ಸಮುದ್ರ ಮಾರ್ಚಲ್ಲಿ 6, 7 ಡಿಗ್ರಿಗೆ ಇಳಿದಿರತ್ತೆ, ಬೇಸಿಗೆ ಮುಗಿಯೋ ಹೊತ್ಗೆ 13, 14 ಬಂದ್ರೆ ದೊಡ್ಡದು. 6 ಡಿಗ್ರಿ ಅಂದ್ರೆ ಫ್ರಿಜ್ಜಿಂದ ಈಗ ತಾನೇ ತೆಗ್ದ ನೀರಿನ ಬಾಟ್ಲಿ, ಅದ್ರೊಳಗೆ ನಲವತ್ತು ನಿಮಿಷ ಇರ್ಬೇಕು. ನೀರು ಮೈ ಶಾಖನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಸ್ಪೀಡಾಗಿ ಎಳ್ಕೊಳತ್ತೆ. ವೆಟ್‌ಸೂಟಲ್ಲಿ ನೀರು ಒಳಗೆ ಬಂದೇ ಬರತ್ತೆ, ಡ್ರೈಸೂಟಲ್ಲಿ ಕತ್ತಲ್ಲಿ ಮಣಿಕಟ್ಟಲ್ಲಿ ಸೀಲ್, ಅಂದ್ರೆ ನೀರು ಒಳಗೆ ಬಿಡ್ದೇ ಚರ್ಮಕ್ಕೆ ಬಿಗಿಯಾಗಿ ಕೂರೋ ಪಟ್ಟಿ ಇರತ್ತೆ, ವಾಟರ್‌ಪ್ರೂಫ್ ಜಿಪ್ ಇರತ್ತೆ, ಒಳಗಡೆ ನಾವು ಒಣಗಿದ ಬಟ್ಟೆಲೇ ಇರ್ತೀವಿ, ಮಧ್ಯದಲ್ಲಿ ಒಂದು ಪದರ ಗಾಳಿ.

ನನ್ನ ಮೊದಲನೇ ಸೂಟು ಸೆಕೆಂಡ್ ಹ್ಯಾಂಡು, ಒಳ್ಳೆ ಹೆಸರಿರೋ ಕಂಪ್ನಿದೇ, ಆದ್ರೆ ಗಂಡಸ್ರ ಮೀಡಿಯಂ. ಅರ್ಧ ರೇಟಿಗೆ ಸಿಕ್ತು, ತಗೊಂಬಿಟ್ಟೆ. ನನ್ನ ಕೈಗೆ 2-4 ಸೈಜಿನ ಬಳೆ ಸಲೀಸಾಗಿ ಹೋಗತ್ತೆ, ಅಷ್ಟು ಸಣ್ಣ ಕೈ. ಸ್ಕಾಟ್ಲೆಂಡಿನ ಒಂದು ಸೀ ಲಾಕಲ್ಲಿ, ಅಂದ್ರೆ ಬೆಟ್ಟಗಳ ಮಧ್ಯೆ ಸಮುದ್ರ ಒಳಗೆ ಚಾಚ್ಕೊಂಡಿರೋ ಜಾಗ, ಅಲ್ಲಿ ಇಳ್ದೆ, ಟಾರ್ಚ್ ಗಟ್ಟಿಯಾಗಿ ಹಿಡ್ಕೊಂಡೆ. ನೀವು ಈಗ್ಲೇ ಮುಷ್ಟಿ ಬಿಗಿ ಹಿಡಿದು ಮಣಿಕಟ್ಟಿನ ಒಳಗಡೆ ನೋಡ್ಕೊಳಿ, ಎರಡು ನರದ ಥರ ಎದ್ದು ನಿಲ್ಲತ್ತಲ್ಲ, ಅದು ಸ್ನಾಯುವಿನ ಹುರಿ. ಅವೆರಡ್ರ ಮಧ್ಯೆ ಒಂದು ಸಣ್ಣ ಕಾಲುವೆ ಆಗತ್ತೆ. ಸೀಲ್ ಸ್ವಲ್ಪ ಸಡ್ಲ ಇದ್ರೂ ಆ ಕಾಲುವೆಲಿ ನೀರು ನುಗ್ಗತ್ತೆ. ನನಗೆ ಮೊದ್ಲು ಒಂದು ತಣ್ಣನೆ ದಾರ ಎಳ್ದಂಗಾಯ್ತು, ಮಣಿಕಟ್ಟಿಂದ ಮೊಣಕೈವರ್ಗೂ, ಆಮೇಲೆ ತೋಳು ಪೂರ್ತಿ ಒದ್ದೆ, ಒಳಗೆ ಹಾಕಿದ್ದ ಬೆಚ್ಚನೆ ಫ್ಲೀಸ್ ಬಟ್ಟೆ ಎಲ್ಲ ನೀರು ಕುಡೀತು. ಇಪ್ಪತ್ತು ನಿಮಿಷಕ್ಕೆ ಡೈವ್ ಮುಗ್ಸಿ ಮೇಲೆ ಬಂದೆ, ದಡದಲ್ಲಿ ನನ್ನ ಬಿ.ಸಿ.ಡಿ, ಅಂದ್ರೆ ಗಾಳಿ ತುಂಬೋ ಡೈವಿಂಗ್ ಜಾಕೆಟ್, ಅದ್ರ ಕ್ಲಿಪ್ ನನ್ನ ಬೆರಳಿಂದ ಬಿಚ್ಚಕ್ಕಾಗ್ಲಿಲ್ಲ, ನನ್ನ ಜೊತೆ ಇಳ್ದಿದ್ದ ಡೈವರ್ ಬಿಚ್ಚಿ ಕೊಟ್ಟ.

ಅದೇ ಸೂಟಲ್ಲಿ ಇನ್ನೊಂದು ಸಲ ಭಯ ಆಗಿದ್ದು ಕಾಲಿಂದ. ಸೂಟಿನ ಕಾಲು ನನ್ನ ಕಾಲಿಗಿಂತ ಉದ್ದ, ಅಗ್ಲ ಬೇರೆ. ಡ್ರೈಸೂಟೊಳಗಿನ ಗಾಳಿ ಯಾವಾಗ್ಲೂ ಮೇಲಿರೋ ಭಾಗಕ್ಕೆ ಹೋಗತ್ತೆ. ಕೆಳಗೆ ಏನೋ ನೋಡಕ್ಕೆ ತಲೆ ತಗ್ಗಿಸ್ದೆ, ಗಾಳಿ ಎಲ್ಲ ಪಾದಕ್ಕೆ ಓಡ್ತು, ಬೂಟು ಬಲೂನ್ ಥರ ಉಬ್ತು, ಪಾದ ಬೂಟಿಂದ ಅರ್ಧ ಜಾರ್ತು. ಗಾಳಿ ಬಿಡೋ ವಾಲ್ವ್ ಇರೋದು ಎಡ ತೋಳಿನ ಮೇಲೆ, ಕಾಲು ಮೇಲಾದ್ರೆ ಅದ್ರಿಂದ ಗಾಳಿ ಆಚೆ ಹೋಗಲ್ಲ, ಮೇಲೆ ಹೋದಷ್ಟೂ ಪ್ರೆಶರ್ ಕಮ್ಮಿಯಾಗಿ ಗಾಳಿ ಇನ್ನೂ ಹಿಗ್ಗತ್ತೆ, ನೀವು ಕಾಲು ಮೇಲಾಗಿ ರಾಕೆಟ್ ಥರ ಹೋಗ್ತೀರ, ಶ್ವಾಸಕೋಶಕ್ಕೆ ಏಟು, ಬೆಂಡ್ಸ್ ಅಂದ್ರೆ ಬೇಗ ಮೇಲೆ ಬಂದಾಗ ಮೈಯೊಳಗೆ ಗಾಳಿ ಗುಳ್ಳೆ ಆಗೋ ಕಾಯ್ಲೆ, ಏನು ಬೇಕಾದ್ರೂ ಆಗ್ಬೋದು. ಕೋರ್ಸಲ್ಲಿ ಹೇಳ್ಕೊಟ್ಟಿದ್ರು, ಮಂಡಿ ಎದೆಗೆ ಎಳ್ಕೊಂಡು ಉರುಳಿ ತಲೆ ಮೇಲೆ ಮಾಡ್ಕೊಂಡು ಗಾಳಿ ಬಿಡು ಅಂತ, ಅದನ್ನೇ ಮಾಡ್ದೆ, ಉಳ್ಕೊಂಡೆ. ಅದಕ್ಕೇ ಹೇಳ್ತೀನಿ, ಸೂಟ್ ತಗೊಳೋ ಮುಂಚೆ ಡ್ರೈಸೂಟ್ ಕೋರ್ಸ್ ಮಾಡು, ಬಾಡಿಗೆ ಸೂಟಲ್ಲಿ ಎಂಟ್ಹತ್ತು ಡೈವ್ ಮಾಡು. ಹೊಸ ಸೂಟ್ ಸಾಮಾನ್ಯವಾಗಿ ಸಾವಿರ ಪೌಂಡ್ ದಾಟತ್ತೆ, ನಮ್ಮ ದುಡ್ಡಲ್ಲಿ ಲಕ್ಷದ ಮೇಲೆ, ಅಪ್ಪ ಅಮ್ಮನ ದುಡ್ಡು ಅದು.

ಅಳತೆ ನೋಡೋದು ಹೇಗೆ? ಬ್ಲೌಸ್ ಹೊಲಿಸೋವಾಗ ಟೈಲರ್ ಕೈ ಎತ್ಸಿ ನೋಡ್ತಾರಲ್ಲ, ಹಂಗೇ. ಆದ್ರೆ ಒಳಗೆ ಹಾಕ್ಕೊಳೋ ದಪ್ಪ ಬಟ್ಟೆ ಪೂರ್ತಿ ಹಾಕ್ಕೊಂಡೇ ಟ್ರಯಲ್ ನೋಡ್ಬೇಕು, ಇದನ್ನ ಎಷ್ಟೋ ಜನ ಮರೀತಾರೆ. ಕುಕ್ಕರಗಾಲಲ್ಲಿ ಕೂತ್ಕೊ, ತೊಡೆ ಸಂದಿಲಿ ಎಳೀಬಾರ್ದು. ಎರಡು ಕೈಲೂ ನಿನ್ನ ಭುಜ ನೀನೇ ತಬ್ಕೊ, ಬೆನ್ನಲ್ಲಿ ಬಿಗಿಬಾರ್ದು. ಕೈ ತಲೆ ಹಿಂದೆ ತಗೊಂಡೋಗಿ ಸಿಲಿಂಡರ್ ವಾಲ್ವ್ ಸಿಗತ್ತಾ ನೋಡು. ಇಷ್ಟಾದ್ಮೇಲೆ ಉಳಿದಿರೋ ಸಡ್ಲ ಎಷ್ಟು ಕಮ್ಮಿನೋ ಅಷ್ಟು ಒಳ್ಳೇದು. ಹೆಂಗಸ್ರ ಕಟ್ ಸಿಗತ್ತೆ, ಅದೂ ಹೊಂದ್ಲಿಲ್ಲ ಅಂದ್ರೆ ಅಳತೆ ಕೊಟ್ಟು ಮಾಡ್ಸು, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ, ಬೇರೆ ಕಡೆ ಉಳ್ಸು.

ಮೆಟೀರಿಯಲ್ ವಿಷ್ಯದಲ್ಲಿ ನನ್ನ ಓಟು ಟ್ರೈಲ್ಯಾಮಿನೇಟಿಗೆ. ಮಧ್ಯದಲ್ಲಿ ರಬ್ಬರ್, ಎರಡು ಕಡೆ ಬಟ್ಟೆ, ತೆಳು, ಬೇಗ ಒಣಗತ್ತೆ, ಮಡಚಿ ಬ್ಯಾಗಿಗೆ ಹಾಕ್ಬೋದು. ನಿಯೋಪ್ರೀನ್, ಅಂದ್ರೆ ಗುಳ್ಳೆ ತುಂಬಿರೋ ರಬ್ಬರ್ ಫೋಮಿನ ಸೂಟು ತಾನೇ ಬೆಚ್ಚಗಿರತ್ತೆ ನಿಜ, ಮೈಗೂ ಚೆನ್ನಾಗಿ ಕೂರತ್ತೆ, ಆದ್ರೆ ಮಾಮೂಲಿ ಫೋಮ್ ನಿಯೋಪ್ರೀನಿನ ಗುಳ್ಳೆಗಳು ಆಳಕ್ಕೆ ಹೋದಂಗೆ ಅದುಮಿ ಹೋಗ್ತವೆ, 10 ಮೀಟರಿಗೆ ಪ್ರೆಶರ್ ಎರಡ್ಪಟ್ಟು, 20ಕ್ಕೆ ಮೂರ್ಪಟ್ಟು, ಬೆಚ್ಚಗೂ ಕಮ್ಮಿ, ತೇಲೋ ಶಕ್ತಿನೂ ಕಮ್ಮಿ. ಹಾಸ್ಟೆಲ್ ರೂಮಲ್ಲಿ ಅದನ್ನ ಒಣಗಿಸೋದೂ ಕಷ್ಟ.

ಆದ್ರೆ ಟ್ರೈಲ್ಯಾಮಿನೇಟ್ ತಾನಾಗೇ ಬೆಚ್ಚಗಿಡಲ್ಲ. ಬೆಚ್ಚಗಿಡೋದು ಒಳಗಿನ ಬಟ್ಟೆ, ಅದಕ್ಕೇ ಬಜೆಟಲ್ಲಿ ಒಂದು ಪಾಲು ಅದಕ್ಕೆ ಎತ್ತಿಡು. ಮೈಗೆ ಅಂಟ್ಕೊಂಡು ಮೆರಿನೋ ಉಣ್ಣೆ, ಅದ್ರ ಮೇಲೆ ಥಿನ್ಸುಲೇಟ್ ಅನ್ನೋ ಸಣ್ಣ ನಾರಿನ ಬೆಚ್ಚನೆ ಬಟ್ಟೆ ಅಥವಾ ದಪ್ಪ ಫ್ಲೀಸ್. ಹತ್ತಿ ಬಟ್ಟೆ ಬೇಡ್ವೇ ಬೇಡ, ಬೆವರು ಹಿಡ್ಕೊಂಡು ಮೈ ತಣ್ಣಗೆ ಮಾಡತ್ತೆ.

ಸೀಲ್ ಲೇಟೆಕ್ಸ್, ಸಿಲಿಕೋನ್, ನಿಯೋಪ್ರೀನ್ ಮೂರರಲ್ಲಿ ಬರತ್ತೆ. ಸಣ್ಣ ಕೈಯವ್ರಿಗೆ ನಾನು ಹೇಳೋದು ಸಿಲಿಕೋನು, ರಿಂಗ್ ಸಿಸ್ಟಮ್ ಜೊತೆ, ಅಂದ್ರೆ ಸೀಲನ್ನ ಸೂಟಿಗೆ ಹಿಡ್ಸೋ ಗಟ್ಟಿ ಬಳೆ ಜೊತೆ. ಮೆತ್ತಗೆ ಮೈಗೆ ಹಿಡಿಯತ್ತೆ, ಹರಿದ್ರೆ ಗೋಂದು ಇಲ್ದೇನೇ ನೀನೇ ಬದ್ಲಾಯಿಸ್ಬೋದು, ಆದ್ರೆ ಹರಿಯೋದು ಬೇಗ, ಒಂದು ಜೊತೆ ಸ್ಪೇರ್ ಬ್ಯಾಗಲ್ಲಿರ್ಲಿ. ಲೇಟೆಕ್ಸ್ ಆದ್ರೆ ನಮ್ಮ ಹುಡುಗೀರಿಗೆ ಒಂದು ಮಾತು: ತಲೆಗೆ ಕೊಬ್ರಿ ಎಣ್ಣೆ ಹಚ್ಕೊಂಡು ಅದನ್ನ ಹಾಕ್ಬೇಡಿ, ಎಣ್ಣೆ ಲೇಟೆಕ್ಸನ್ನ ತಿಂದು ಹಾಕತ್ತೆ. ಹಿಂದಿನ ರಾತ್ರಿ ತಲೆ ಸ್ನಾನ ಮಾಡಿ, ಕೂದ್ಲು ಬಿಗಿಯಾಗಿ ಮೇಲೆ ಕಟ್ಟಿ, ಒಂದೇ ಒಂದು ಎಳೆ ಕತ್ತಿನ ಸೀಲ್ ಕೆಳಗೆ ಸಿಕ್ಕಿದ್ರೂ ನೀರು ದಾರಿ ಮಾಡ್ಕೊಳತ್ತೆ. ಬಳೆ, ಕತ್ತಿನ ಸರ, ಉಂಗುರ ಎಲ್ಲ ಮನೇಲೇ ಇರ್ಲಿ. ಲೇಟೆಕ್ಸ್ ಸೀಲಿಗೆ ಹಚ್ಚೋ ಟಾಲ್ಕ್ ಪೌಡ್ರು ವಾಸ್ನೆ ಇಲ್ಲದ್ದೇ ಆಗ್ಬೇಕು.

ವಾಲ್ವ್ ಬಗ್ಗೆ ತಲೆ ಕೆಡಿಸ್ಕೋಬೇಡ, ಬೇರೆ ಬೇರೆ ಕಂಪ್ನಿ ಸೂಟಲ್ಲೂ ಎಸ್‌ಐ ಟೆಕ್ ಅಥವಾ ಅಪೆಕ್ಸ್ ಅನ್ನೋ ಕಂಪ್ನಿಗಳ ವಾಲ್ವೇ ಇರೋದು ಜಾಸ್ತಿ. ಜಿಪ್ ಮಾತ್ರ ಎದೆ ಮೇಲೆ ಓರೆಯಾಗಿ ಬರೋದು ತಗೊ, ಬೆನ್ನ ಜಿಪ್ಪಾದ್ರೆ ಪ್ರತಿ ಸಲ ಯಾರಾದ್ರೂ ಎಳ್ದು ಕೊಡ್ಬೇಕು. ಹೀಟೆಡ್ ವೆಸ್ಟು ಅದು ಇದು ಈಗ ಬೇಡ.

ರಜಕ್ಕೆ ಬರೋವಾಗ ಸೂಟನ್ನ ಮಂಡ್ಯಕ್ಕೆ ತರ್ಬೇಡ. ನಾನು ತಂದು ಶೀಟ್ ಮನೆ ಅಟ್ಟದ ಮೇಲೆ ಒಂದು ಬೇಸಿಗೆ ಇಟ್ಟಿದ್ದೆ, ಕತ್ತಿನ ಲೇಟೆಕ್ಸ್ ಕರಗಿದ ಬೆಲ್ಲದ ಥರ ಕೈಗೆ ಅಂಟ್ತು. ಅಲ್ಲೇ ತಂಪಾದ ಕತ್ಲೆ ಜಾಗದಲ್ಲಿ ತೂಗ್ಹಾಕಿ ಬಾ.

ಈಗ ಒಂದು ಕೆಲ್ಸ ಮಾಡು, ಇವತ್ತು ಸಂಜೆ ಅಮ್ಮನ ಕೈಲಿ ಟೇಪ್ ಹಿಡ್ಸಿ ಮಣಿಕಟ್ಟು, ಕತ್ತು, ಪಾದ, ಕಂಕುಳಿಂದ ಮಣಿಕಟ್ಟು, ತೊಡೆ ಸಂದಿಯಿಂದ ಹಿಮ್ಮಡಿವರ್ಗೂ ಅಳ್ಸು. ಮಣಿಕಟ್ಟು ಎರಡು ಸಲ ಅಳ್ಸು, ಕೈ ಸಡ್ಲ ಬಿಟ್ಟು ಒಂದ್ಸಲ, ಮುಷ್ಟಿ ಬಿಗಿ ಹಿಡಿದು ಒಂದ್ಸಲ. ಎಲ್ಲಾ ಬರ್ದು ನನಗೆ ಕಳ್ಸು, ಬ್ರ್ಯಾಂಡ್ ಯಾವ್ದು ಅಂತ ಅದಾದ್ಮೇಲೆ ನೋಡಣ.