ಟಿಕೆಟ್ ಮುಗಿದರೂ ನಾಟಕ ನಿಲ್ಲುತ್ತದೆ

ಕೇಳುಗರೇ, ನಮಸ್ಕಾರ.

ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರುಗಳಿರುವ ಬ್ರಾಡ್‌ವೇಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಲ ಓಡಿದ ನಾಟಕ 'ದಿ ಫ್ಯಾಂಟಮ್ ಆಫ್ ದಿ ಒಪೆರಾ'. ಮೆಜೆಸ್ಟಿಕ್ ಥಿಯೇಟರಿನಲ್ಲಿ 1988ರ ಜನವರಿಯಲ್ಲಿ ಶುರುವಾಗಿ, 2023ರ ಏಪ್ರಿಲ್ 16ಕ್ಕೆ ಮುಗಿಯಿತು. 13,981 ಆಟ! ಕೊನೆಯ ವಾರಗಳಲ್ಲಂತೂ ಟಿಕೆಟ್ಟಿಗೆ ನೂಕುನುಗ್ಗಲು. ಹಾಗಿದ್ದರೆ ನಿಲ್ಲಿಸಿದ್ದು ಯಾಕೆ?

ಬ್ರಾಡ್‌ವೇ ಲೆಕ್ಕವೆಲ್ಲ ವಾರದ್ದು. ವಾರಕ್ಕೆ ಎಂಟು ಆಟ. ನಟರ ಸಂಬಳ, ಥಿಯೇಟರ್ ಬಾಡಿಗೆ, ಜಾಹೀರಾತು, ಬರೆದವರ ರಾಯಲ್ಟಿ ಎಲ್ಲವೂ ಅದರಲ್ಲೇ ಹುಟ್ಟಬೇಕು. ಹೋದ ವರ್ಷ ಗಳಿಸಿದ್ದನ್ನು ತಂದು ಈ ವಾರದ ಖರ್ಚಿಗೆ ಯಾರೂ ಸುಮ್ನೆ ಸುರಿಯುವುದಿಲ್ಲ. ಫ್ಯಾಂಟಮ್‌ನದು ದೊಡ್ಡ ಸಂಸಾರ ಬೇರೆ. ವಾದ್ಯ ನುಡಿಸುವವರೇ 27 ಜನ. ಒಂದು ಟನ್ ತೂಕದ ತೂಗುದೀಪ ಪ್ರತಿ ಆಟದಲ್ಲೂ ಪ್ರೇಕ್ಷಕರ ತಲೆಯ ಮೇಲೆ ಏರಬೇಕು, ಮಧ್ಯಂತರಕ್ಕೆ ಮುಂಚೆ ಜಾರಿ ರಂಗದ ಮೇಲೆ ಬೀಳಬೇಕು. ಒಂದು ದಿನವೂ ಎಡವಟ್ಟಾಗುವ ಹಾಗಿಲ್ಲ. ವಾರದ ಖರ್ಚು ಹತ್ತಿರಹತ್ತಿರ 10 ಲಕ್ಷ ಡಾಲರ್. ಕೋವಿಡ್ ಆದಮೇಲೆ, 2021ರ ಅಕ್ಟೋಬರಿನಲ್ಲಿ ಮತ್ತೆ ಬಾಗಿಲು ತೆರೆದಾಗ, ಇಂಥ ಹಳೆಯ ನಾಟಕಕ್ಕೆ ಆಧಾರವಾಗಿದ್ದ ಪರದೇಶದ ಪ್ರವಾಸಿಗರು ಮೊದಲಿನಷ್ಟು ಬರಲಿಲ್ಲ. ಖರ್ಚೂ ಏರಿತ್ತು.

2022ರ ಸೆಪ್ಟೆಂಬರಿನಲ್ಲಿ 'ನಿಲ್ಲಿಸುತ್ತೇವೆ' ಅಂದರು ನೋಡಿ, ಜನ ಮುಗಿಬಿದ್ದರು. ಕಲೆಕ್ಷನ್ ವಾರಕ್ಕೆ 30 ಲಕ್ಷ ಡಾಲರ್ ದಾಟಿತು. ಫೆಬ್ರವರಿಗೆ ಮುಗಿಸಬೇಕಿದ್ದದ್ದನ್ನು ಎಂಟು ವಾರ ಮುಂದಕ್ಕೆ ಹಾಕಿದರು. ಇನ್ನೂ ಎಳೆಯಬಹುದಿತ್ತಲ್ಲ ಅಂತ ನಿಮಗನಿಸಬಹುದು. ಆದರೆ ಆ ಜನ ಬಂದದ್ದೇ ಇದು ಕೊನೆ ಅಂತ. 'ಇನ್ನೂ ಐದು ವರ್ಷ ಇದೆ' ಅಂದಿದ್ದರೆ ಅರ್ಧಕ್ಕರ್ಧ ಜನ ಮನೆಯಲ್ಲೇ ಕೂರುತ್ತಿದ್ದರು.

ಇನ್ನೊಂದು ಕಷ್ಟ ಜಾಗದ್ದು. ನಮ್ಮ ಕಂಪನಿ ನಾಟಕದವರು ಕಲೆಕ್ಷನ್ ಇಳಿದರೆ ಕ್ಯಾಂಪ್ ಎತ್ತಿ ಮುಂದಿನ ಊರಿಗೆ ಹೋಗುತ್ತಿದ್ದರು. ಬ್ರಾಡ್‌ವೇಯಲ್ಲಿ ಇರುವುದೇ ನಲವತ್ತು ಚಿಲ್ಲರೆ ಥಿಯೇಟರು, ಬಹುಪಾಲು ಮೂರು ಸಂಸ್ಥೆಗಳ ಕೈಯಲ್ಲಿ. ವಾರದ ಕಲೆಕ್ಷನ್ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಾಲೀಕರು ನೋಟಿಸ್ ಕೊಡಬಹುದು ಎಂದು ಕರಾರಿನಲ್ಲೇ ಇರುತ್ತದೆ. 'ಬೀಟಲ್‌ಜ್ಯೂಸ್' ನಾಟಕಕ್ಕೆ ಆದದ್ದು ಇದೇ. ಶುರುವಿನಲ್ಲಿ ಕಲೆಕ್ಷನ್ ಸಾಧಾರಣ, ಆಮೇಲೆ ಚೆನ್ನಾಗಿ ಏರಿತು. ಅಷ್ಟರಲ್ಲಿ ಆ ಥಿಯೇಟರು ಸಿನಿಮಾ ತಾರೆ ಹ್ಯೂ ಜಾಕ್‌ಮನ್ ನಟಿಸುವ ನಾಟಕಕ್ಕೆ ಮಾತಾಗಿತ್ತು. ಬೀಟಲ್‌ಜ್ಯೂಸ್ 2022ರಲ್ಲಿ ಬೇರೆ ಥಿಯೇಟರ್ ಹಿಡಿದು ವಾಪಸ್ ಬಂತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಸಿನಿಮಾ ತಾರೆಯರ ನಾಟಕಗಳ ಕಥೆ ಸರಳ. ಮೂರು ನಾಲ್ಕು ತಿಂಗಳು ಎಂದು ಮೊದಲೇ ಹೇಳಿರುತ್ತಾರೆ. ಅಷ್ಟರಲ್ಲಿ ಹಾಕಿದ ಬಂಡವಾಳ ಬಂದರೆ ಸಾಕು. ತಾರೆ ಶೂಟಿಂಗಿಗೆ ಹೊರಟರೆ ಅದೇ ಟಿಕೆಟ್ಟನ್ನು ಅದೇ ಬೆಲೆಗೆ ಕೊಳ್ಳುವವರು ಯಾರು?

ನಿಮ್ಮಲ್ಲಿ ಯಾರಾದರೂ ಮಗನ ಮನೆಗೋ ಮಗಳ ಮನೆಗೋ ಅಂತ ಆ ಕಡೆ ಹೊರಟಿದ್ದರೆ, ಇಂಥ ಕೆಲವೇ ತಿಂಗಳ 'ಲಿಮಿಟೆಡ್' ನಾಟಕವನ್ನೇ ಮೊದಲು ನೋಡಿ. 'ದಿ ಲಯನ್ ಕಿಂಗ್' 1997ರಿಂದ ನಡೆಯುತ್ತಿದೆ. ಅದಕ್ಕೆ ಮುಂದಿನ ಸಲ ಹೋದರೂ ಆದೀತು.