ಊರು ಬೆಳೆಯಿತು, ಆಸ್ಪತ್ರೆ ಹೇಗೆ ಬೆಳೆಯಬೇಕು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಶಾಮನೂರಿನವರಿದ್ದೀರಿ, ಆವರಗೆರೆಯವರಿದ್ದೀರಿ, ದೊಡ್ಡಬಾತಿಯಿಂದ ಬಂದವರೂ ಇದ್ದೀರಿ. ಒಂದು ಕಾಲಕ್ಕೆ ಇವೆಲ್ಲ ದಾವಣಗೆರೆ ಪಕ್ಕದ ಹಳ್ಳಿಗಳು. ಈಗ ಊರು ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ.

2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ ಸುಮಾರು 4 ಲಕ್ಷ 35 ಸಾವಿರ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೆಯಲೇ ಇಲ್ಲ. ಹಾಗಾಗಿ ಹಳೇ ಲೆಕ್ಕ ಹಿಡಿದು ಯೋಜನೆ ಮಾಡಿದರೆ ಹೊಸ ಬಡಾವಣೆಗಳ ಜನ ಅದರಲ್ಲಿ ಇರುವುದೇ ಇಲ್ಲ. ಅದೂ ಅಲ್ಲದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನಗರದವರಷ್ಟೇ ಬರುತ್ತಾರಾ? ಜಗಳೂರು, ಹೊನ್ನಾಳಿ, ಚನ್ನಗಿರಿಯಿಂದ ಬರುತ್ತಾರೆ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಸೇರಿತು, ಆಮೇಲೆ ವಿಜಯನಗರ ಜಿಲ್ಲೆಗೆ ಹೋಯಿತು. ಅಲ್ಲಿಯ ರೋಗಿಗಳು ಮಾತ್ರ ಈಗಲೂ ದಾವಣಗೆರೆ ಬಸ್ಸು ಹತ್ತುತ್ತಾರೆ. ಕಾಯಿಲೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ ನೋಡಿ.

ಆಸ್ಪತ್ರೆ ವಿಸ್ತರಣೆ ಅಂದರೆ ಪೇಪರಿನಲ್ಲಿ ಬರುವ ಸುದ್ದಿ ಒಂದೇ, ಇಷ್ಟು ಹಾಸಿಗೆ ಹೆಚ್ಚಾಯಿತು ಅಂತ. ಹಾಸಿಗೆ ಬೇಕು, ಬೇಡ ಅನ್ನುವುದಿಲ್ಲ. ಸಾವಿರ ಜನಕ್ಕೆ 2 ಹಾಸಿಗೆ ಇರಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದೆ. ಆದರೆ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದ ನಾನು ಮೊದಲು ಕೇಳುವುದು ಬೇರೆ. ರಾತ್ರಿ ಎರಡು ಗಂಟೆಗೆ ಆ ಹಾಸಿಗೆ ಹತ್ತಿರ ಯಾರಿರುತ್ತಾರೆ?

ರಾತ್ರಿ ಪಾಳಿ ಹೇಗಿರುತ್ತದೆ ಅಂತ ಹೇಳುತ್ತೇನೆ. ವಾರ್ಡು ತುಂಬಿದೆ, ಸಿಸ್ಟರ್ ಒಬ್ಬರೇ. ಈ ಮೂಲೆಯಲ್ಲಿ ಒಬ್ಬರಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಆ ಮೂಲೆಯಲ್ಲಿ ಇನ್ನೊಬ್ಬರ ಡ್ರಿಪ್ ಮುಗಿದು, ಪೈಪಿನೊಳಗೆ ರಕ್ತ ಮೇಲಕ್ಕೆ ಏರುತ್ತಿದೆ. ಅದನ್ನು ಮೊದಲು ನೋಡಿದವರು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದ ರೋಗಿಯ ತಾಯಿ. ಸೆರಗು ಸರಿಮಾಡಿಕೊಳ್ಳುತ್ತಾ ಓಡಿ ಬರುತ್ತಾರೆ, "ಸಿಸ್ಟರ್, ಬಾಟ್ಲಿ ಖಾಲಿ ಆಗೇತಿ, ಬರ್ರಿ!" ಆ ತಾಯಿಗೆ ಗಾಢ ನಿದ್ದೆ ಹತ್ತಿದ್ದರೆ?

ಒಬ್ಬ ಸಿಸ್ಟರ್ ದಿನದ 24 ಗಂಟೆಯೂ ಒಂದು ಜಾಗದಲ್ಲಿ ಇರಬೇಕು ಅಂದರೆ ಮೂರು ಪಾಳಿ. ವಾರದ ರಜೆ, ಹೆರಿಗೆ ರಜೆ, ಹುಷಾರಿಲ್ಲದ ದಿನ ಎಲ್ಲ ಸೇರಿಸಿದರೆ ಹೆಚ್ಚುಕಡಿಮೆ ನಾಲ್ಕೂವರೆ ಜನ ಬೇಕು. ಐಸಿಯುನಲ್ಲಿ ರೋಗಿಗೊಬ್ಬರು ಸಿಸ್ಟರ್ ಇರಬೇಕು. ಅಂದರೆ 10 ಹಾಸಿಗೆಯ ಐಸಿಯುಗೆ ನಲವತ್ತಕ್ಕಿಂತ ಜಾಸ್ತಿ ಜನ. ಕಟ್ಟಡ ಎರಡು ವರ್ಷದಲ್ಲಿ ಏಳಬಹುದು. ಈ ಹುದ್ದೆಗಳ ಮಂಜೂರಾತಿ ಅದರ ಜೊತೆಗೇ ಬರಬೇಕು. ಉದ್ಘಾಟನೆ ಆದಮೇಲೆ ನೋಡೋಣ ಅಂದರೆ ಹೊಸ ವಾರ್ಡಿಗೆ ಬೀಗವೇ ಗತಿ.

ಆಪರೇಷನ್ ಥಿಯೇಟರಿನ ಕಥೆಯೂ ಹೀಗೇ. ಸಿಸೇರಿಯನ್ ಆಗಬೇಕಾದರೆ ಹೆರಿಗೆ ಡಾಕ್ಟರ್ ಒಬ್ಬರೇ ಸಾಲುವುದಿಲ್ಲ. ಅರಿವಳಿಕೆ ಡಾಕ್ಟರ್ ಬೇಕು, ಮಗು ನೋಡುವ ಡಾಕ್ಟರ್ ಬೇಕು, ಹತ್ತಿರದಲ್ಲಿ ರಕ್ತ ಇರಬೇಕು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಚೀಟಿ ಬರೆದು ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ಆ ಗರ್ಭಿಣಿ ಆಂಬುಲೆನ್ಸಿನಲ್ಲಿ ಊರಿನ ಟ್ರಾಫಿಕ್ ದಾಟಬೇಕು. ನಮ್ಮ ಊರನ್ನು ರೈಲ್ವೆ ಹಳಿ ಎರಡು ಭಾಗ ಮಾಡಿದೆ. ಅಶೋಕ ಟಾಕೀಸ್ ಗೇಟಿನಲ್ಲಿ ಕಾದವರಿಗೆ ಹತ್ತು ನಿಮಿಷ ಅಂದರೆ ಎಷ್ಟು ದೊಡ್ಡದು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಅದಕ್ಕೇ ನನ್ನ ಅಭಿಪ್ರಾಯ ಇದು. ದೊಡ್ಡಾಸ್ಪತ್ರೆ ಬೆಳೆಯಲಿ, ಆದರೆ ದೊಡ್ಡ ಕೆಲಸಕ್ಕೆ ಬೆಳೆಯಲಿ. ಹೈವೇ ಅಪಘಾತ, ತಲೆ ಪೆಟ್ಟು, ಹೃದಯಾಘಾತ, ತೂಕ ಕಡಿಮೆ ಇರುವ ಕೂಸುಗಳು, ಡಯಾಲಿಸಿಸ್ ಅಲ್ಲಿರಲಿ. ಜ್ವರ, ಬಿಪಿ, ಶುಗರ್, ತೊಡಕಿಲ್ಲದ ಹೆರಿಗೆ ಇವೆಲ್ಲ ಊರಂಚಿನಲ್ಲೇ ಆಗಬೇಕು.

ಶುಗರ್ ಪರೀಕ್ಷೆ ಒಂದನ್ನೇ ತಗೊಳ್ಳಿ. ಗಾರೆ ಕೆಲಸದ ಯಜಮಾನರೊಬ್ಬರು ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಬಸ್ಸು ಹತ್ತುತ್ತಾರೆ. ಒಪಿಡಿ ಚೀಟಿಗೆ ಒಂದು ಸಾಲು, ರಕ್ತ ಕೊಡಲು ಇನ್ನೊಂದು ಸಾಲು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಮತ್ತೆ ರಕ್ತ. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಡಾಕ್ಟರ್ ಒಪಿಡಿ ಮುಗಿಸಿರುತ್ತಾರೆ. ನಾಳೆ ಬನ್ನಿ. ಎರಡು ದಿನದ ಕೂಲಿ ಹೋಯಿತು. ಮುಂದಿನ ತಿಂಗಳು ಅವರು ಬರುವುದೇ ಇಲ್ಲ. ಒಂದು ದಿನ ಕಾಲಿನ ಗಾಯ ಕೊಳೆತ ಮೇಲೆ ಬರುತ್ತಾರೆ, ಆಗ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ. ಇಂಥ ಕಾಲುಗಳಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಬಹಳ ಸಂಕಟ ಆಗುತ್ತದೆ.

ಇದಕ್ಕೆ ಸರ್ಕಾರದ ಸಣ್ಣ ಆರೋಗ್ಯ ಕೇಂದ್ರ 'ನಮ್ಮ ಕ್ಲಿನಿಕ್' ಇದೆ. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದಾಗ 10ರಿಂದ 20 ಸಾವಿರ ಜನಕ್ಕೆ ಒಂದು ಅನ್ನುವುದು ಲೆಕ್ಕ. ಒಳ್ಳೆಯ ಕೆಲಸ. ಆದರೆ ಆಗ ಇಟ್ಟ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30, ಅದು ಜನ ದುಡಿಯುವ ಹೊತ್ತು. ಊರಂಚಿನ ಕೂಲಿಯವರಿಗೆ, ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ರಾತ್ರಿ ಎಂಟರವರೆಗೆ ಬಾಗಿಲು ತೆರೆದಿರಬೇಕು. ಡಾಕ್ಟರನ್ನು ಎರಡು ಪಾಳಿಗೆ ಹಾಕಲಿ, ಖರ್ಚು ಆಗಲಿ. ಹೊಸ ಮಹಡಿ ಕಟ್ಟುವ ಖರ್ಚಿನ ಮುಂದೆ ಇದು ಜಾಸ್ತಿಯೇನಲ್ಲ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 100ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ನೀರು ಬೇಕು ಅನ್ನುವುದು ಕಟ್ಟಡ ನಿಯಮದ ಲೆಕ್ಕ. 200 ಹಾಸಿಗೆ ಹೆಚ್ಚಿದರೆ ದಿನಕ್ಕೆ 90 ಸಾವಿರ ಲೀಟರ್ ಹೆಚ್ಚು. ಬೇಸಿಗೆಯಲ್ಲಿ ನಿಮ್ಮ ನಲ್ಲಿಯ ಪರಿಸ್ಥಿತಿ ನಿಮಗೇ ಗೊತ್ತು. ನೀಲನಕ್ಷೆಯಲ್ಲಿ ಸಂಪು, ಮಳೆನೀರು ಕೊಯ್ಲು ಇದೆಯಾ ಅಂತ ಈಗಲೇ ಕೇಳಿ.

ಕೊನೆಗೆ ಜಾಗದ ಮಾತು. ಪ್ರತಿ ಹೊಸ ಬಡಾವಣೆಯಲ್ಲೂ ನಾಗರಿಕ ಸೌಲಭ್ಯಕ್ಕೆ ಅಂತ ಸಿಎ ಸೈಟ್ ಬಿಟ್ಟಿರುತ್ತಾರೆ. ಕೆಲವು ಕಡೆ ಅಲ್ಲಿ ಜಾಲಿ ಬೆಳೆದಿದೆ, ಕೆಲವು ಕಡೆ ಯಾರದೋ ಜಲ್ಲಿ, ಇಟ್ಟಿಗೆ ಬಿದ್ದಿದೆ. ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ದೂಡಾ ಕಚೇರಿಯಲ್ಲಿ ನಿಮ್ಮ ಬಡಾವಣೆಯ ನಕ್ಷೆ ಕೇಳಿ ತಗೊಳ್ಳಿ. ಸಿಎ ಸೈಟ್ ಎಲ್ಲಿದೆ ಗುರುತು ಹಾಕಿ. ಯಾರಿಗೂ ಮಂಜೂರಾಗಿಲ್ಲದಿದ್ದರೆ ಒಂದನ್ನು ಆರೋಗ್ಯ ಇಲಾಖೆಗೆ ಕೊಡಿ ಅಂತ ಬೀದಿಯವರೆಲ್ಲ ಸಹಿ ಮಾಡಿ ಅರ್ಜಿ ಹಾಕಿ. ಸ್ವೀಕೃತಿ ಪ್ರತಿ ಮರೆಯದೆ ಇಟ್ಟುಕೊಳ್ಳಿ. ಅರ್ಜಿ ಬರೆಯಲು ಸಹಾಯ ಬೇಕಾದವರು ಈಗಲೇ ಮುಂದೆ ಬನ್ನಿ, ಇಲ್ಲೇ ಕೂತು ಬರೆಯೋಣ.